ಹಳೆಯ ಸಣ್ಣ ಕಾರಿನಿಂದ ಮನೆಯಲ್ಲೇ ಆಫ್‌ರೋಡ್ ಗಾಡಿ: ಆಯ್ಕೆಯಿಂದ ಮೊದಲ ಓಟದವರೆಗೆ

ಹಳೆಯ ಹ್ಯಾಚ್‌ಬ್ಯಾಕ್ ಕಾರೊಂದನ್ನು ಮಣ್ಣು, ಮರಳು, ಕಲ್ಲುದಾರಿಗಳಿಗೆ ಒಗ್ಗಿಸಲು ಹೊರಟವರು ಎರಡು ಟನ್ ತೂಕದ ಫೋರ್ ವೀಲ್ ಡ್ರೈವ್ ಗಾಡಿಯನ್ನು ಮಾದರಿಯಾಗಿ ಇಟ್ಟುಕೊಂಡರೆ ಆರಂಭದಲ್ಲೇ ದಾರಿ ತಪ್ಪುತ್ತಾರೆ. ಸಣ್ಣ ಕಾರಿನ ಬಂಡವಾಳ ಅದರ ಹಗುರತನ. 700ರಿಂದ 900 ಕೆ.ಜಿ. ತೂಗುವ ಗಾಡಿ ಕೆಸರಿನಲ್ಲಿ ಕಡಿಮೆ ಹೂಳುತ್ತದೆ. ಹೂತರೂ ಇಬ್ಬರು ಮೂವರು ಸೇರಿ ತಳ್ಳಿದರೆ ಸಾಮಾನ್ಯವಾಗಿ ಹೊರಬರುತ್ತದೆ. ಇಂಥ ಗಾಡಿಗೆ ಸೇರಿಸುವ ಪ್ರತಿಯೊಂದು ಕಿಲೋವೂ ತನ್ನ ಉಪಯೋಗವನ್ನು ಸಾಬೀತುಪಡಿಸಬೇಕು, ಸಾಬೀತುಪಡಿಸದಿದ್ದರೆ ಅದು ಗಾಡಿಯ ಮೇಲೆ ಇರಬಾರದು.

ಎರಡೇ ಚಕ್ರಗಳಿಗೆ ಎಳೆತವಿರುವ ಹಗುರ ಗಾಡಿ ಎಷ್ಟು ದೂರ ಹೋಗಬಲ್ಲದು ಎಂಬ ಅನುಮಾನಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಬ್ರೂಸ್ ಮೇಯರ್ಸ್ 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಯಂತ್ರಭಾಗಗಳಿಗೆ ಫೈಬರ್‌ಗ್ಲಾಸ್ ಮೈ ಕೂಡಿಸಿ ಮೇಯರ್ಸ್ ಮ್ಯಾಂಕ್ಸ್ ಎಂಬ ಗಾಡಿಯನ್ನು ಕಟ್ಟಿದರು. 1967ರಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದಲ್ಲಿ ನಡೆದ ಮೊದಲ ಮೆಕ್ಸಿಕನ್ 1000 ಪಂದ್ಯವನ್ನು ಗೆದ್ದದ್ದು ಇಂಥದೇ ಗಾಡಿ. ಬೀಟಲ್‌ನಲ್ಲಿ ಎಂಜಿನ್ನಿನ ಭಾರ ಎಳೆಯುವ ಹಿಂಚಕ್ರಗಳ ಮೇಲಿತ್ತು. ಇಂದಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಅದು ಎಳೆಯುವ ಮುಂಚಕ್ರಗಳ ಮೇಲಿರುವುದರಿಂದ ಸಮತಟ್ಟಾದ ಕೆಸರಿನಲ್ಲಿ ಲಾಭ ಹೆಚ್ಚುಕಡಿಮೆ ಒಂದೇ. ಆದರೆ ಏರು ಹತ್ತುವಾಗ ಭಾರ ಹಿಂದಕ್ಕೆ ಜಾರುತ್ತದೆ, ಆಗ ಬೀಟಲ್‌ಗೆ ಹಿಡಿತ ಹೆಚ್ಚುತ್ತದೆ, ಮುಂಚಕ್ರದ ಕಾರಿಗೆ ತಗ್ಗುತ್ತದೆ. ಈ ಒಂದು ದೌರ್ಬಲ್ಯವನ್ನು ಯಾವ ಬಿಡಿಭಾಗವೂ ಪೂರ್ತಿಯಾಗಿ ನೀಗಿಸಲಾರದು.

ಕತ್ತರಿಸುವ ಮೊದಲು

ಗಾಡಿಯ ಎತ್ತರ, ಟೈರಿನ ಅಳತೆ, ಬಂಪರು, ದೀಪ ಇವುಗಳಲ್ಲಿ ಯಾವುದನ್ನು ಎಷ್ಟು ಬದಲಿಸಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಉದ್ದೇಶವಿದ್ದರೆ ನಿಮ್ಮ ಸಾರಿಗೆ ಇಲಾಖೆಯ ನಿಯಮವನ್ನೂ ವಿಮಾ ಪಾಲಿಸಿಯ ಷರತ್ತುಗಳನ್ನೂ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲೇ ಓದಬೇಕು, ಏಕೆಂದರೆ ಕತ್ತರಿಸಿದ ತಗಡನ್ನು ಮರಳಿ ಕಂಪನಿಯ ಸ್ಥಿತಿಗೆ ತರುವುದು ಸುಲಭವಲ್ಲ. ಖಾಸಗಿ ಜಾಗದಲ್ಲಷ್ಟೇ ಓಡಿಸುವುದಾದರೆ ಅದನ್ನು ಅಲ್ಲಿಗೆ ಸಾಗಿಸುವ ಬಗೆಯನ್ನೂ ಈಗಲೇ ಯೋಚಿಸಿ.

ಕಾರನ್ನು ಆರಿಸುವಾಗ ಎಂಜಿನ್ನಿನ ಶಕ್ತಿಗಿಂತ ಮೈಯ ಆರೋಗ್ಯವನ್ನು ನೋಡಬೇಕು. ಸಣ್ಣ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ಮಡಿಸಿ ಬೆಸೆದ ತಗಡಿನ ಮೈಯೇ ಎಲ್ಲ ಭಾರವನ್ನೂ ಹೊರುತ್ತದೆ. ಬಾಗಿಲಿನ ಕೆಳಗಿನ ಪೆಟ್ಟಿಗೆಯಾಕಾರದ ತೊಲೆಗಳು, ಮುಂದಿನ ಸ್ಟ್ರಟ್‌ಗಳ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬಗಳ) ಮೇಲ್ತುದಿ ಕೂರುವ ಗುಮ್ಮಟಗಳು, ಹಿಂದಿನ ಆಕ್ಸಲ್ ಸೇರುವ ಜಾಗ, ಜ್ಯಾಕ್ ಕೊಡುವ ಅಂಚುಗಳು, ಕಾಲಡಿಯ ತಳ ಇವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಮಂಕಾದ ಸದ್ದು ಬಂದು ತಗಡು ಒಳಗೆ ಹೋದರೆ ಆ ಕಾರನ್ನು ಬಿಟ್ಟುಬಿಡಿ. ಸ್ಟ್ರಟ್ ಗುಮ್ಮಟದಲ್ಲಿ ತುಕ್ಕು ಹಿಡಿದ ಕಾರನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಹೋಲಿಸಿದರೆ ಹೊಗೆಯುಗುಳುವ ಎಂಜಿನ್ ಸಣ್ಣ ಸಮಸ್ಯೆ, ಎಂಜಿನ್ನನ್ನು ಬದಲಿಸಬಹುದು. ಟರ್ಬೊ ಇಲ್ಲದ, ಮ್ಯಾನುಯಲ್ ಗೇರಿನ, ಬಿಡಿಭಾಗಗಳು ಎಲ್ಲೆಡೆ ಸಿಗುವ, ಹಳೆ ಸಾಮಾನಿನ ಅಂಗಡಿಗಳಲ್ಲಿ ಹೇರಳವಾಗಿರುವ ಮಾದರಿಯೇ ಉತ್ತಮ.

ಕೆಲಸದ ಜಾಗಕ್ಕೆ ಸಮತಟ್ಟಾದ ಗಟ್ಟಿ ನೆಲ, ನಾಲ್ಕು ಜ್ಯಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಸ್ಪ್ರಿಂಗ್ ಕಂಪ್ರೆಸರ್, ಗ್ರೈಂಡರ್ ಮತ್ತು ಒಂದು ಮಿಗ್ ವೆಲ್ಡಿಂಗ್ ಯಂತ್ರ ಬೇಕು. ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ಎಂದೂ ನುಸುಳಬಾರದು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ತಂತಿಗಳನ್ನು ಕಳಚಬೇಕು. ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಸೆಯಬೇಕಾದರೆ ಟ್ಯಾಂಕನ್ನು ಇಳಿಸಿ ಹೊರಗೆ ದೂರದಲ್ಲಿಡಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಸತು ಲೇಪಿಸಿದ ತಗಡನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಜ್ವರ ತರಿಸುತ್ತದೆ, ಆದ್ದರಿಂದ ಲೇಪವನ್ನು ಉಜ್ಜಿ ತೆಗೆದು ಗಾಳಿಯಾಡುವಲ್ಲಿ ಕೆಲಸ ಮಾಡಿ.

ಮೊದಲು ದುರಸ್ತಿ, ಆಮೇಲೆ ಮಾರ್ಪಾಡು

ಕಾರನ್ನು ಎತ್ತರಿಸುವ ಉತ್ಸಾಹದಲ್ಲಿ ಹೆಚ್ಚಿನವರು ಹಾರಿಬಿಡುವ ಹಂತವಿದು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ರೇಡಿಯೇಟರ್ ಹೋಸ್, ಕ್ಲಚ್, ಬ್ರೇಕ್ ಪ್ಯಾಡ್, ಬ್ರೇಕ್ ದ್ರವ, ಎಂಜಿನ್ ಮೌಂಟ್‌ಗಳು, ಚಕ್ರವನ್ನು ಮೈಗೆ ಜೋಡಿಸುವ ಕೆಳತೋಳುಗಳ ಬುಷ್, ಬಾಲ್ ಜಾಯಿಂಟ್, ಚಕ್ರದ ಬೇರಿಂಗ್ ಇವುಗಳಲ್ಲಿ ಸವೆದದ್ದನ್ನೆಲ್ಲ ಈಗಲೇ ಬದಲಿಸಬೇಕು. ಎಂಜಿನ್ ಮೌಂಟ್‌ಗಳ ಬಗ್ಗೆ ವಿಶೇಷವಾಗಿ ಹೇಳಬೇಕು: ಚಕ್ರ ಜಾರುತ್ತಾ ಇದ್ದಕ್ಕಿದ್ದಂತೆ ಹಿಡಿತ ಸಿಕ್ಕಾಗ ಎಂಜಿನ್ ಜೋರಾಗಿ ಹೊರಳುತ್ತದೆ, ಮೌಂಟ್ ಸಡಿಲವಾಗಿದ್ದರೆ ಆ ಏಟು ನೇರವಾಗಿ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್‌ಶಾಫ್ಟಿನ ಜಾಯಿಂಟ್‌ಗಳ ಮೇಲೆ ಬೀಳುತ್ತದೆ.

ತೂಕ ಇಳಿಸುವ ಕೆಲಸವೂ ಈ ಹಂತದಲ್ಲೇ ಆಗಲಿ. ಹಿಂದಿನ ಸೀಟು, ನೆಲದ ಕಾರ್ಪೆಟ್, ಡಿಕ್ಕಿಯ ಒಳಹೊದಿಕೆ ತೆಗೆದರೆ ಹಗುರವಾಗುವುದಷ್ಟೇ ಅಲ್ಲ, ಕಾರ್ಪೆಟ್ಟಿನಡಿ ನೀರು ನಿಂತು ತುಕ್ಕು ಹಿಡಿಯುವುದೂ ತಪ್ಪುತ್ತದೆ. ತೆರೆದುಕೊಂಡ ತಳದ ರಬ್ಬರ್ ಬಿರಡೆಗಳನ್ನು ಪರೀಕ್ಷಿಸಿ, ತಗಡಿನ ಜೋಡಣೆಗಳಿಗೆ ಸೀಲರ್ ಹಚ್ಚಿ. ಸ್ಟ್ರಟ್ ಗುಮ್ಮಟಗಳ ಸುತ್ತ ಮತ್ತು ಮುಂದಿನ ಉದ್ದತೊಲೆಗಳ ಅಂಚಿನಲ್ಲಿ ಕಾರ್ಖಾನೆ ಹಾಕಿದ ಚುಕ್ಕೆ ಬೆಸುಗೆಗಳ ನಡುವೆ ಸುಮಾರು 25 ಮಿ.ಮೀ. ಉದ್ದದ ಬೆಸುಗೆಯನ್ನು ಬಿಟ್ಟು ಬಿಟ್ಟು ಹಾಕಿದರೆ ಮೈ ಗಮನಾರ್ಹವಾಗಿ ಬಿಗಿಯಾಗುತ್ತದೆ. ಒಂದೇ ಕಡೆಯಿಂದ ಸಾಲಾಗಿ ಬೆಸೆಯುತ್ತಾ ಹೋದರೆ ಬಿಸಿಗೆ ತಗಡು ತಿರುಚಿಕೊಳ್ಳುತ್ತದೆ. ಎಡಕ್ಕೊಂದು ಬಲಕ್ಕೊಂದು ಹಾಕಿ, ನಡುವೆ ತಣಿಯಲು ಬಿಡಬೇಕು.

ಟೈರು

ಒಂದೇ ಒಂದು ಮಾರ್ಪಾಡಿಗೆ ಹಣವಿದೆ ಎಂದಾದರೆ ಅದು ಟೈರಿಗೇ ಹೋಗಬೇಕು. ಕಾರಿನ ಕೆಳಮೈಯ ಅತ್ಯಂತ ತಗ್ಗಿನ ಭಾಗಗಳನ್ನು, ಅಂದರೆ ಆಕ್ಸಲ್ ಮತ್ತು ಕೆಳತೋಳುಗಳನ್ನು, ನೆಲದಿಂದ ನಿಜವಾಗಿ ಮೇಲೆತ್ತುವುದು ಟೈರಿನ ವ್ಯಾಸ ಮಾತ್ರ. ಸ್ಪ್ರಿಂಗ್ ಎತ್ತರಿಸಿದರೆ ಏರುವುದು ಮೈ ಮತ್ತು ಎಂಜಿನ್.

ಲೆಕ್ಕ ಸರಳ. ಟೈರಿನ ಅಗಲವನ್ನು ಶೇಕಡಾ ಎತ್ತರದಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್ಮಿನ ವ್ಯಾಸವನ್ನು ಕೂಡಿಸಬೇಕು. 155/80 ಆರ್ 13 (155 ಮಿ.ಮೀ. ಅಗಲ, ಅದರ ಶೇ. 80 ಎತ್ತರ, 13 ಇಂಚಿನ ರಿಮ್) ಟೈರಿನ ವ್ಯಾಸ ಸುಮಾರು 578 ಮಿ.ಮೀ.; 165/80 ಆರ್ 14 ಟೈರಿನದು ಸುಮಾರು 620 ಮಿ.ಮೀ. ವ್ಯತ್ಯಾಸ 42 ಮಿ.ಮೀ., ನೆಲದಿಂದ ಸಿಗುವ ಎತ್ತರ ಅದರ ಅರ್ಧ, ಎಂದರೆ 21 ಮಿ.ಮೀ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವ್ಯಾಸ ಶೇ. 7ರಷ್ಟು ಹೆಚ್ಚಿದ್ದರಿಂದ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 64ರ ವೇಗದಲ್ಲಿರುತ್ತದೆ, ಮತ್ತು ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತವೆ, ಅಂದರೆ ಎಂಜಿನ್ನಿನ ಅದೇ ವೇಗಕ್ಕೆ ಗಾಡಿ ಹೆಚ್ಚು ಜೋರಾಗಿ ಓಡಿ ಎಳೆಯುವ ಬಲ ತಗ್ಗುತ್ತದೆ. ನಿಧಾನವಾಗಿ ಕಲ್ಲು ಹತ್ತಬೇಕಾದಾಗ ಒಂದನೇ ಗೇರು ಮೊದಲೇ ಉದ್ದವಾಗಿರುವ ಸಣ್ಣ ಕಾರಿಗೆ ಇದು ಹೊರೆ. ಕ್ಲಚ್ ಒತ್ತಿ ಬಿಟ್ಟು ಸವೆಸುವುದು ಇದರಿಂದಲೇ. ಅದೇ ಕಾರಿನ ಕಡಿಮೆ ಶಕ್ತಿಯ ಆವೃತ್ತಿಯ ಗೇರ್‌ಬಾಕ್ಸಿನಲ್ಲಿ ಅಂತಿಮ ಅನುಪಾತ ಹೆಚ್ಚಿರುವುದುಂಟು. ಅದು ನೇರವಾಗಿ ಕೂರುವುದಾದರೆ ಟೈರಿನಿಂದಾದ ನಷ್ಟ ಅಲ್ಲಿಗೆ ತುಂಬಿಕೊಳ್ಳುತ್ತದೆ.

ಅಗಲದ ಟೈರು ನೋಡಲು ಗಂಭೀರವಾಗಿ ಕಾಣುತ್ತದೆ, ಆದರೆ ಗಟ್ಟಿ ತಳದ ಮೇಲೆ ಕೆಸರು ನಿಂತಿರುವ ಕಡೆ ಕಿರಿದಾದ, ಎತ್ತರದ, ದಪ್ಪ ಹಲ್ಲಿನ ಟೈರು ಕೆಸರನ್ನು ಸೀಳಿ ನೆಲ ಹಿಡಿಯುತ್ತದೆ. ಮರಳಿನಲ್ಲಿ ಮಾತ್ರ ಅಗಲ ಬೇಕು, ಮತ್ತು ಆ ಅಗಲವನ್ನು ಗಾಳಿ ಇಳಿಸಿಯೇ ಪಡೆಯಬಹುದು. ಇಷ್ಟು ಹಗುರ ಕಾರಿಗೆ ಮರಳಿನಲ್ಲಿ 15ರಿಂದ 18 ಪಿಎಸ್‌ಐ ಸಾಕು; ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಗಾಳಿ ಇಳಿಸಿದ ಮೇಲೆ ವೇಗವನ್ನು ತಗ್ಗಿಸಬೇಕು, ಡಾಂಬರಿಗೆ ಮರಳುವ ಮೊದಲು ತುಂಬಿಸಬೇಕು. ಆದ್ದರಿಂದ 12 ವೋಲ್ಟಿನ ಏರ್ ಪಂಪ್ ಈ ಗಾಡಿಯ ಖಾಯಂ ಸಾಮಾನು.

ಎತ್ತರಿಸುವುದು

ಇಲ್ಲಿ ಆಸೆಗೆ ಕಡಿವಾಣ ಬೇಕು. ಮುಂಚಕ್ರ ಎಳೆತದ ಕಾರನ್ನು 30ರಿಂದ 40 ಮಿ.ಮೀ. ಎತ್ತರಿಸಿದರೆ ಎಲ್ಲವೂ ಹದದಲ್ಲಿರುತ್ತದೆ, 50 ಮಿ.ಮೀ. ದಾಟಿದರೆ ಒಂದನ್ನು ಸರಿಪಡಿಸಲು ಮೂರನ್ನು ಬದಲಿಸಬೇಕಾದ ಸ್ಥಿತಿ ಬರುತ್ತದೆ. ಕಾರಣ ಡ್ರೈವ್‌ಶಾಫ್ಟ್. ಚಕ್ರದ ಕಡೆಯ ಜಾಯಿಂಟ್ ಸ್ಟೀರಿಂಗ್ ಪೂರ್ತಿ ತಿರುಗಿದಾಗಲೂ ಕೆಲಸ ಮಾಡುವಂತೆ ಸುಮಾರು 45 ಡಿಗ್ರಿವರೆಗೆ ಬಾಗಬಲ್ಲದು, ಆದರೆ ಗೇರ್‌ಬಾಕ್ಸಿನ ಕಡೆಯ ಜಾಯಿಂಟಿಗೆ ಸುಮಾರು ಅದರ ಅರ್ಧದಷ್ಟು ಬಾಗುವ ಶಕ್ತಿ ಮಾತ್ರ ಇರುತ್ತದೆ. ಮೈ ಮೇಲೇರಿದಂತೆ ಚಕ್ರ ಕೆಳಗೆ ಜೋತುಬೀಳುತ್ತದೆ, ಒಳಜಾಯಿಂಟಿನ ಕೋನ ಹೆಚ್ಚುತ್ತದೆ, ಶಾಫ್ಟ್ ತನ್ನ ಬಟ್ಟಲಿನಿಂದ ಹೊರಕ್ಕೆ ಸರಿಯುತ್ತದೆ. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಹರಿಯುವುದು, ವೇಗ ಹೆಚ್ಚಿಸಿದಾಗ ನಡುಕ ಬರುವುದು, ಕೊನೆಗೆ ಶಾಫ್ಟೇ ಕಳಚುವುದು ಇದರ ಕ್ರಮ.

ಮುಂಭಾಗದಲ್ಲಿ ಸಾಮಾನ್ಯ ವಿಧಾನವೆಂದರೆ ಸ್ಟ್ರಟ್ಟಿನ ಮೇಲ್ತಟ್ಟೆ ಮತ್ತು ಮೈಯ ಗುಮ್ಮಟದ ನಡುವೆ ಸ್ಪೇಸರ್ ಕೂರಿಸುವುದು. ಅಲ್ಯೂಮಿನಿಯಂ ಅಥವಾ ಉಕ್ಕಿನ ದಿಮ್ಮಿಯಿಂದ ಕಡೆದ, ಮೂಲ ರಂಧ್ರಗಳಿಗೆ ನಿಖರವಾಗಿ ಹೊಂದುವ ಸ್ಪೇಸರನ್ನೇ ಬಳಸಿ. ವಾಷರುಗಳನ್ನು ಒಂದರ ಮೇಲೊಂದು ಪೇರಿಸುವುದು, ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಉಂಡೆ ತುರುಕುವುದು ಎರಡೂ ಕೆಟ್ಟ ಉಪಾಯಗಳು. ಹೊಸ ಸ್ಟಡ್‌ಗಳು ಮೂಲದ್ದಕ್ಕಿಂತ ಕಡಿಮೆ ದರ್ಜೆಯವಾಗಿರಬಾರದು. ಹಿಂಭಾಗದಲ್ಲಿ ತೊಲೆಯಂಥ ಆಕ್ಸಲ್ ಇರುವ ಕಾರುಗಳಲ್ಲಿ ಸ್ಪ್ರಿಂಗಿನಡಿ ಸ್ಪೇಸರ್ ಕೊಟ್ಟರೆ ಸಾಕು, ಆದರೆ ಸ್ಪ್ರಿಂಗ್ ಚಕ್ರಕ್ಕಿಂತ ಮುಂದೆ ಕೂತಿದ್ದರೆ ಸ್ಪೇಸರ್ ದಪ್ಪಕ್ಕಿಂತ ಹೆಚ್ಚು ಎತ್ತರ ಸಿಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಿಂದಿನ ಶಾಕ್ ಅಬ್ಸಾರ್ಬರ್ ಕೂಡ ಅಷ್ಟೇ ಉದ್ದವಾಗಬೇಕು. ಇಲ್ಲದಿದ್ದರೆ ಚಕ್ರ ಜೋತುಬಿದ್ದಾಗಲೆಲ್ಲ ಅದರ ತುದಿ ಎಳೆದುಕೊಂಡು ಒಳಗಿನ ಕವಾಟ ಹಾಳಾಗುತ್ತದೆ.

ಸ್ಪ್ರಿಂಗ್ ಕಳಚುವಾಗ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಬೇಕು. ಅದುಮಿದ ಸ್ಪ್ರಿಂಗಿನ ತುದಿಯ ನೇರಕ್ಕೆ ಮುಖವನ್ನು ತರಬಾರದು.

ಜೋಡಣೆ ಮುಗಿದ ಮೇಲೆ ಮಾಡಬೇಕಾದ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಕಾರನ್ನು ಮೈಯ ಬಿಂದುಗಳಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರಗಳನ್ನು ಪೂರ್ತಿ ಜೋತುಬೀಳಲು ಬಿಡಿ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಗೆ ತಿರುಗಿಸುತ್ತಾ ಮುಂಚಕ್ರಗಳನ್ನು ಕೈಯಿಂದ ಸುತ್ತಿಸಿ. ಎಲ್ಲಾದರೂ ತಡೆದಂತೆ ಅಥವಾ ಕಟಕಟ ಎಂದಂತೆ ಅನಿಸಿದರೆ ಎತ್ತರ ಹೆಚ್ಚಾಗಿದೆ ಎಂದೇ ಅರ್ಥ. ಆಗ ಸ್ಪೇಸರ್ ತೆಳುಮಾಡಬೇಕು, ಇಲ್ಲವೇ ಎಂಜಿನ್ ಹೊತ್ತ ಸಬ್‌ಫ್ರೇಮನ್ನೂ ಕೆಳಕ್ಕೆ ಇಳಿಸಬೇಕು. ಎರಡನೆಯದು ದೊಡ್ಡ ಕೆಲಸ. ಸ್ಟೀರಿಂಗ್ ಕಂಬ, ಗೇರಿನ ಕೊಂಡಿ, ಸೈಲೆನ್ಸರ್ ಪೈಪು ಎಲ್ಲವೂ ಜೊತೆಗೆ ಸರಿಯುತ್ತವೆ. ಇದೇ ಸ್ಥಿತಿಯಲ್ಲಿ ಬ್ರೇಕ್ ಹೋಸುಗಳನ್ನೂ ಎಬಿಎಸ್ ತಂತಿಗಳನ್ನೂ ನೋಡಿ. ಬಿಗಿಯಾಗಿ ಎಳೆದಂತಿದ್ದರೆ ಉದ್ದನೆಯದನ್ನು ಹಾಕಬೇಕು. ಅನಂತರ ಒಂದೊಂದೇ ಚಕ್ರವನ್ನು ಜ್ಯಾಕಿನಿಂದ ಪೂರ್ತಿ ಮೇಲಕ್ಕೆ ಒತ್ತಿ ಟೈರು ಎಲ್ಲಿ ತಗಡಿಗೆ ತಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಹಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಸಣ್ಣ ಸರಳೊಂದರಿಂದ ಕೊಂಡಿ ಹಾಕಿದ ಬ್ರೇಕ್ ಕವಾಟವಿರುತ್ತದೆ. ಗಾಡಿಯ ಹಿಂಭಾಗ ಎಷ್ಟು ತಗ್ಗಿದೆ ಎಂಬುದರಿಂದ ಅದು ಭಾರವನ್ನು ಅಳೆದು ಹಿಂಬ್ರೇಕಿನ ಒತ್ತಡವನ್ನು ನಿರ್ಧರಿಸುತ್ತದೆ. ಮೈಯನ್ನು ಎತ್ತರಿಸಿದಾಗ ಗಾಡಿ ಖಾಲಿಯಿದೆ ಎಂದು ಆ ಕವಾಟ ತಿಳಿದು ಹಿಂಬ್ರೇಕನ್ನು ಸದಾ ದುರ್ಬಲವಾಗಿಸುತ್ತದೆ. ಎತ್ತರಿಸಿದ ಮೇಲೆ ಬ್ರೇಕ್ ಮಂಕಾಯಿತು ಎಂಬ ದೂರಿಗೆ ಇದು ಕಾರಣವಾಗಿರುವುದುಂಟು. ಸರಳಿನ ಕೊಂಡಿಯನ್ನು ಎತ್ತರಿಸಿದಷ್ಟೇ ಸರಿಸಿದರೆ ಸರಿಹೋಗುತ್ತದೆ.

ಕೊನೆಗೆ ವೀಲ್ ಅಲೈನ್‌ಮೆಂಟ್. ಕೆಳತೋಳು ಕೆಳಕ್ಕೆ ವಾಲಿದಂತೆ ಚಕ್ರದ ಬುಡ ಒಳಕ್ಕೆ ಸರಿದು ಮೇಲ್ಭಾಗ ಹೊರಕ್ಕೆ ಬಾಗುತ್ತದೆ. ಸ್ಟ್ರಟ್ಟಿನ ಕೆಳತುದಿಯ ಬೋಲ್ಟುಗಳಲ್ಲಿ ಒಂದಕ್ಕೆ ಬದಲಾಗಿ ಕ್ಯಾಂಬರ್ ಬೋಲ್ಟ್ ಹಾಕಿದರೆ ಇದನ್ನು ಬಹುಮಟ್ಟಿಗೆ ತಿದ್ದಬಹುದು. ಹೆಡ್‌ಲೈಟಿನ ಕೋನವನ್ನೂ ತಗ್ಗಿಸಿ, ಇಲ್ಲದಿದ್ದರೆ ಎದುರಿಗೆ ಬರುವವರ ಕಣ್ಣು ಕೋರೈಸುತ್ತದೆ.

ಬಂಪರು ಮತ್ತು ಮಡ್‌ಗಾರ್ಡ್

ಬಂಪರಿನ ಪ್ಲಾಸ್ಟಿಕ್ಕಿನ ಕೆಳತುಟಿಯನ್ನು ಕತ್ತರಿಸಿದರೆ ದಿಣ್ಣೆ ಹತ್ತುವಾಗ ಮೂತಿ ತಾಗುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಇದರಷ್ಟು ಅಗ್ಗದ ಲಾಭ ಇನ್ನೊಂದಿಲ್ಲ. ಒಳಗಿರುವ ಅಡ್ಡತೊಲೆ ಅಪಘಾತದಲ್ಲಿ ನಿಮ್ಮನ್ನು ಕಾಯುವ ಭಾಗ, ಅದನ್ನು ಮುಟ್ಟಬಾರದು. ಚಕ್ರದ ಕಮಾನು ಕತ್ತರಿಸುವಾಗ ಅದು ಒಳತಗಡು ಮತ್ತು ಹೊರತಗಡು ಅಂಚಿನಲ್ಲಿ ಬೆಸೆದುಕೊಂಡ ಜೋಡಿಪದರ ಎಂಬುದು ನೆನಪಿರಲಿ. ಹಿಂದಿನ ಕಮಾನಿನಲ್ಲಿ ಅಂಚು ಕತ್ತರಿಸಿದರೆ ಪದರಗಳು ಬಿಟ್ಟುಕೊಂಡು ಮೈ ದುರ್ಬಲವಾಗುತ್ತದೆ, ನಡುವೆ ಕೆಸರು ಸೇರುತ್ತದೆ. ಮೊದಲು ಹೊರತಗಡನ್ನಷ್ಟೇ ಗುರುತಿನವರೆಗೆ ಕತ್ತರಿಸಿ, ಒಳತಗಡಿಗೆ ಅಲ್ಲಲ್ಲಿ ಸೀಳು ಹಾಕಿ ಹೊರಕ್ಕೆ ಬಡಿದು ಕೂಡಿಸಿ, ಮತ್ತೆ ಬೆಸೆದು, ಪ್ರೈಮರ್ ಮತ್ತು ಸೀಲರ್ ಹಚ್ಚಬೇಕು.

ಹೊಟ್ಟೆಯ ಕವಚ

ಸಣ್ಣ ಕಾರಿನ ಆಯಿಲ್ ಸಂಪ್, ಅಂದರೆ ಎಂಜಿನ್ನಿನಡಿಯ ಆಯಿಲ್ ತಟ್ಟೆ, ತೆಳುತಗಡಿನದು ಅಥವಾ ಎರಕದ ಅಲ್ಯೂಮಿನಿಯಮ್ಮಿನದು. ಒಂದು ಕಲ್ಲಿನ ಏಟಿಗೆ ಎಂಜಿನ್ ಹೋಗಬಹುದು. 80 ಸೆಂ.ಮೀ. ಉದ್ದ, 70 ಸೆಂ.ಮೀ. ಅಗಲದ ಕವಚಕ್ಕೆ 3 ಮಿ.ಮೀ. ಉಕ್ಕು ಬಳಸಿದರೆ ಸುಮಾರು 13 ಕೆ.ಜಿ., 5 ಮಿ.ಮೀ. ಅಲ್ಯೂಮಿನಿಯಂ ಬಳಸಿದರೆ ಸುಮಾರು ಏಳೂವರೆ ಕೆ.ಜಿ. ಆಗುತ್ತದೆ. ಅಲ್ಯೂಮಿನಿಯಂ ದುಬಾರಿ, ಆದರೆ ಕಲ್ಲಿನ ಮೇಲೆ ಉಕ್ಕಿನಷ್ಟು ಸಲೀಸಾಗಿ ಜಾರದೆ ಕಚ್ಚಿಕೊಳ್ಳುತ್ತದೆ. ಕಲ್ಲುದಾರಿಯೇ ಹೆಚ್ಚಿದ್ದರೆ ಉಕ್ಕನ್ನೇ ಆರಿಸುವುದು ಒಳ್ಳೆಯದು. ಕವಚವನ್ನು ಸಬ್‌ಫ್ರೇಮ್ ಮತ್ತು ಮುಂದಿನ ಅಡ್ಡತೊಲೆಗೆ ಬಿಗಿಯಬೇಕೇ ಹೊರತು ಎಂಜಿನ್ನಿಗಾಗಲಿ ಗೇರ್‌ಬಾಕ್ಸಿಗಾಗಲಿ ಅಲ್ಲ. ಸಂಪಿಗೂ ಕವಚಕ್ಕೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಬಿಡಿ. ಆಯಿಲ್ ಇಳಿಸಲು ರಂಧ್ರ, ಬಿಸಿಗಾಳಿ ಹೋಗಲು ಸೀಳುಗಳು, ಬೋಲ್ಟಿನ ತಲೆ ಕಲ್ಲಿಗೆ ಸವೆಯದಂತೆ ತಗ್ಗು ಇರಲಿ. ತಳದಲ್ಲಿ ಹಾದುಹೋಗುವ ಪೆಟ್ರೋಲ್ ಮತ್ತು ಬ್ರೇಕ್ ಕೊಳವೆಗಳಿಗೂ ಪೆಟ್ರೋಲ್ ಟ್ಯಾಂಕಿಗೂ ಪ್ರತ್ಯೇಕ ರಕ್ಷಣೆ ಬೇಕು.

ನೀರು, ದೂಳು, ವಿದ್ಯುತ್ತು

ಗಾಳಿ ಎಳೆಯುವ ಬಾಯಿ ಬಹಳಷ್ಟು ಸಣ್ಣ ಕಾರುಗಳಲ್ಲಿ ಬಂಪರಿನ ಹಿಂದೆ, ಹೆಡ್‌ಲೈಟಿನ ಪಕ್ಕದಲ್ಲಿರುತ್ತದೆ. ಅಲ್ಲಿಂದ ನೀರು ಒಳಹೊಕ್ಕರೆ ಸಿಲಿಂಡರಿನಲ್ಲಿ ಅದನ್ನು ಗಾಳಿಯಂತೆ ಅದುಮಲಾಗದು. ಪಿಸ್ಟನ್ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಬಾಯನ್ನು ಬಾನೆಟ್ಟಿನ ಹಿಂತುದಿಗೆ, ಗಾಜಿನ ಬುಡಕ್ಕೆ ಒಯ್ದರೆ ಸಾಕಷ್ಟು ರಕ್ಷಣೆ ಸಿಗುತ್ತದೆ. ಹೊರಗಿನ ಸ್ನಾರ್ಕೆಲ್ ಹಾಕಿದ ಮಾತ್ರಕ್ಕೆ ಕಾರು ದೋಣಿಯಾಗುವುದಿಲ್ಲ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ ಎಷ್ಟು ಎತ್ತರದಲ್ಲಿದೆಯೋ ಅದೇ ನಿಜವಾದ ಮಿತಿ. ಚಕ್ರದ ನಡುಬಿಂದುವಿಗಿಂತ ಆಳದ ನೀರಿಗೆ ಇಳಿಯದಿರುವುದೇ ಈ ಗಾಡಿಗೆ ತಕ್ಕ ನಿಯಮ. ಗೇರ್‌ಬಾಕ್ಸಿನ ಉಸಿರುರಂಧ್ರಕ್ಕೆ ಕೊಳವೆ ಜೋಡಿಸಿ ಬಾನೆಟ್ಟಿನ ಮಟ್ಟಕ್ಕೆ ತರಬೇಕು: ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಆ ರಂಧ್ರದಿಂದ ನೀರನ್ನು ಹೀರುತ್ತದೆ.

ಹೆಚ್ಚುವರಿ ದೀಪ ಹಾಕುವುದಾದರೆ 55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ರಿಲೇ, 2.5 ಚದರ ಮಿ.ಮೀ. ತಂತಿ, ಬ್ಯಾಟರಿಗೆ ಹತ್ತಿರದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ.

ಎಳೆದು ತೆಗೆಯುವ ಕೊಕ್ಕೆ, ಪಂಜರ, ಡಿಫರೆನ್ಷಿಯಲ್

ಹೂತ ಗಾಡಿಯನ್ನು ಎಳೆಯುವಾಗಿನ ಬಲ ಗಾಡಿಯ ತೂಕವನ್ನೂ ಮೀರಬಹುದು. ಕಂಪನಿ ಕೊಟ್ಟ ಟೋ ಕೊಕ್ಕೆ ಸಮತಟ್ಟು ರಸ್ತೆಯಲ್ಲಿ ಎಳೆದೊಯ್ಯಲು ಮಾಡಿದ್ದು. ಉದ್ದತೊಲೆಯ ಒಳಗೂ ಹೊರಗೂ ದಪ್ಪ ತಟ್ಟೆ ಕೊಟ್ಟು, ಬೋಲ್ಟ್ ಹಾಯಿಸಿ, ಮುಂದೊಂದು ಹಿಂದೊಂದು ಕೊಕ್ಕೆ ಕೂರಿಸಿ. ಕಳಚಿ ಹಾರಿದ ಕೊಕ್ಕೆ ಜೀವ ತೆಗೆಯುತ್ತದೆ, ಆದ್ದರಿಂದ ಹಗ್ಗ ಬಿಗಿಯಾದಾಗ ಯಾರೂ ಅದರ ಸಾಲಿನಲ್ಲಿ ನಿಲ್ಲಬಾರದು.

ವೇಗದ ಓಟಕ್ಕೆ ಅಥವಾ ಓರೆ ಇಳಿಜಾರಿಗೆ ಹೋಗುವವರು ರೋಲ್ ಕೇಜ್, ಅಂದರೆ ಗಾಡಿ ಉರುಳಿದಾಗ ಒಳಗಿದ್ದವರನ್ನು ಕಾಯುವ ಕೊಳವೆಗಳ ಪಂಜರ, ಯೋಚಿಸಬೇಕು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಪಂಜರದ ಮುಖ್ಯ ಕಮಾನಿಗೆ ಜೋಡಣೆ ಗೆರೆಯಿಲ್ಲದ, ತಣ್ಣಗೆ ಎಳೆದ ಉಕ್ಕಿನ ಕೊಳವೆ, 45 ಮಿ.ಮೀ. ವ್ಯಾಸ 2.5 ಮಿ.ಮೀ. ದಪ್ಪ ಅಥವಾ 50 ಮಿ.ಮೀ. ವ್ಯಾಸ 2 ಮಿ.ಮೀ. ದಪ್ಪ ಇರಬೇಕು, ಪ್ರತಿ ಪಾದದಡಿ ಮೈಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ತಟ್ಟೆ ಬೇಕು. ನೀರಿನ ಪೈಪು ಬಾಗಿಸಿ ಮಾಡಿದ ಪಂಜರ ಧೈರ್ಯವನ್ನಷ್ಟೇ ಕೊಡುತ್ತದೆ. ಬೆಸುಗೆಯಲ್ಲಿ ಪಳಗದವರು ಈ ಒಂದು ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು. ಹೆಲ್ಮೆಟ್ ಇಲ್ಲದೆ ಓಡಿಸಿದರೆ ಸಣ್ಣ ಡಿಕ್ಕಿಯಲ್ಲೂ ಅದೇ ಕೊಳವೆ ತಲೆಗೆ ಬಡಿಯುತ್ತದೆ ಎಂಬುದೂ ಗೊತ್ತಿರಲಿ.

ಒಂದು ಚಕ್ರ ಗಾಳಿಯಲ್ಲಿ ಸುತ್ತಿದರೆ ಇನ್ನೊಂದು ಸುಮ್ಮನಿರುವುದು, ಎರಡೂ ಚಕ್ರಗಳಿಗೆ ಬಲ ಹಂಚುವ ಸಾಮಾನ್ಯ ಡಿಫರೆನ್ಷಿಯಲ್‌ನ ಗುಣ. ಅದನ್ನು ಬೆಸೆದುಬಿಡುವ ಅಗ್ಗದ ಉಪಾಯ ಮುಂಚಕ್ರ ಎಳೆತದ ಕಾರಿಗೆ ತಕ್ಕದ್ದಲ್ಲ: ಸ್ಟೀರಿಂಗ್ ಕಲ್ಲಾಗುತ್ತದೆ, ಗಟ್ಟಿನೆಲದಲ್ಲಿ ಶಾಫ್ಟ್ ಮುರಿಯುತ್ತದೆ. ನಿಮ್ಮ ಗೇರ್‌ಬಾಕ್ಸಿಗೆ ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಸಿಕ್ಕಿದರೆ ಹಾಕಿಸಿ. ಸಿಗದಿದ್ದರೆ ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಆಕ್ಸಿಲರೇಟರ್ ಕೊಡುವುದನ್ನು ರೂಢಿಸಿಕೊಳ್ಳಿ. ಸುತ್ತುವ ಚಕ್ರ ತಡೆದು ಬಲ ಇನ್ನೊಂದಕ್ಕೆ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಂಚಕ್ರಗಳ ಮೇಲಿರುವುದರಿಂದ ಇದಕ್ಕೆ ಉಪಯೋಗವಿಲ್ಲ. ಕಡಿದಾದ, ಚಿಕ್ಕ ಏರನ್ನು ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಹತ್ತಿದರೆ ಭಾರ ಎಳೆಯುವ ಚಕ್ರಗಳ ಮೇಲೇ ಉಳಿಯುತ್ತದೆ, ರಿವರ್ಸ್ ಗೇರಿನ ಅನುಪಾತವೂ ಸಾಮಾನ್ಯವಾಗಿ ಅನುಕೂಲಕರವಾಗಿಯೇ ಇರುತ್ತದೆ.

ಮೊದಲ ಓಟ

ಮೊದಲು ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿ. ಗುರುತ್ವಕೇಂದ್ರ ಮೇಲೇರಿರುವುದರಿಂದ ತಿರುವುಗಳಲ್ಲಿ ಗಾಡಿ ಮುಂಚಿಗಿಂತ ಹೆಚ್ಚು ವಾಲುತ್ತದೆ; ಆ ವಾಲಿಕೆಗೆ ಕೈ ಪಳಗುವವರೆಗೆ ವೇಗ ಬೇಡ. ಆಯಿಲ್ ಗರಿಷ್ಠ ಗೆರೆಯಲ್ಲಿರಲಿ, ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿಳಿಯದಿರಲಿ, ಏಕೆಂದರೆ ಓರೆಯಲ್ಲಿ ನಿಂತಾಗ ಎರಡೂ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಅಗ್ನಿಶಾಮಕ, ಸಲಿಕೆ, ಎಳೆಯುವ ಹಗ್ಗ, ಒಂದು ಹೆಚ್ಚುವರಿ ಡ್ರೈವ್‌ಶಾಫ್ಟ್ ಇವಿಷ್ಟು ಗಾಡಿಯಲ್ಲಿದ್ದರೆ ಸಾಕು. ಛಾವಣಿಯ ಕ್ಯಾರಿಯರ್ ಬೇಡ, ಅಷ್ಟು ಎತ್ತರದಲ್ಲಿರುವ ಪ್ರತಿ ಕಿಲೋವೂ ಗಾಡಿಯನ್ನು ಉರುಳಿಸಲು ನೋಡುತ್ತದೆ.

ಮರಳಿದ ಮೇಲೆ ರೇಡಿಯೇಟರಿನ ಮತ್ತು ಬ್ರೇಕಿನ ಕೆಸರನ್ನು ತೊಳೆದು, ಸ್ಪೇಸರಿನ ಸ್ಟಡ್, ಕೆಳತೋಳು, ಚಕ್ರದ ನಟ್ಟು, ಕವಚದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿ ಹೇಳಿದ ಬಿಗಿಗೆ ಮತ್ತೆ ತನ್ನಿ. ಡ್ರೈವ್‌ಶಾಫ್ಟಿನ ಬೂಟುಗಳ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ: ಸಣ್ಣ ಬಿರುಕು ಅಥವಾ ಗ್ರೀಸಿನ ತೇವ ಕಂಡರೆ ಮುಂದಿನ ಓಟಕ್ಕೆ ಮೊದಲೇ ಬೂಟು ಬದಲಾಗಬೇಕು. ಬೆಸೆದ ಕಡೆಗಳಲ್ಲಿ ಪೇಂಟ್ ಕೂದಲೆಳೆಯಷ್ಟು ಸೀಳಿದ್ದರೂ ಅದರಡಿ ತಗಡು ಬಿರುಕು ಬಿಡುತ್ತಿರಬಹುದು, ಅಲ್ಲಿ ಉಜ್ಜಿ ನೋಡಿ.